ಅಮಾವಾಸ್ಯೆಗೊಂದು ಪ್ಯಾಚು

ಗಂಗಾವತಿ ಸುತ್ತಮುತ್ತಲಿನ ಅಕ್ಕಿ ಮಿಲ್ಲುಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಇಲ್ಲಿ ಸರ್ವರ್ ಅಂದರೆ ದೊಡ್ಡದೇನಲ್ಲ. ಆಫೀಸಿನ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರು, ಅದಕ್ಕೆ ಡೆಬಿಯನ್ ಎಂಬ ಲಿನಕ್ಸ್, ಮೇಲೆ ವಿಂಡೋಸ್ ಕಂಪ್ಯೂಟರುಗಳಿಗೆ ಫೈಲ್ ಹಂಚಿಕೊಡುವ ಸಾಂಬಾ. ಟ್ಯಾಲಿ ಲೆಕ್ಕದ ಡೇಟಾ, ಕಾಟಾದ ತೂಕದ ಚೀಟಿ, ಜಿಎಸ್‌ಟಿ ಕಾಗದಗಳ ಸ್ಕ್ಯಾನು ಎಲ್ಲ ಅದರ ಹೊಟ್ಟೆಯಲ್ಲೇ. ಫ್ಯಾನಿನ ರೆಕ್ಕೆಗೆ ತೌಡಿನ ಧೂಳು ಮೆತ್ತಿಕೊಂಡಿರುತ್ತದೆ.

ಮೈಕ್ರೋಸಾಫ್ಟ್‌ನವರು ಪ್ರತಿ ತಿಂಗಳ ಎರಡನೇ ಮಂಗಳವಾರ ಪ್ಯಾಚ್ (ಸಾಫ್ಟ್‌ವೇರಿನ ತೂತು ಮುಚ್ಚುವ ತೇಪೆ) ಬಿಡುತ್ತಾರೆ. ನನ್ನ ಪ್ಯಾಚ್ ದಿನ ಅಮಾವಾಸ್ಯೆ. ಅವತ್ತು ನನ್ನ ಮಿಲ್ಲುಗಳಲ್ಲಿ ಹಮಾಲರು ಬರುವುದಿಲ್ಲ, ಲಾರಿ ತುಂಬುವುದಿಲ್ಲ, ಕಾಟಾ ಸುಮ್ಮನೆ ಕೂತಿರುತ್ತದೆ. "ಅಮಾಸಿ ದಿನ ಮಷಿನ್ ಬಿಚ್ಚಬ್ಯಾಡ್ರಿ" ಎಂದು ಒಬ್ಬ ಹಿರಿಯ ಗುಮಾಸ್ತರು ಮೊದಮೊದಲು ತಡೆದಿದ್ದರು. "ಬಿಚ್ಚೂದಿಲ್ರೀ ಸರ, ಕುಂತಲ್ಲೇ ಮಾಡ್ತೀನಿ" ಅಂದೆ. ಈಗ ಅವರೇ ಲಾರಿ ಪೂಜೆ ಮುಗಿಸಿ ಬಂದು ಸರ್ವರ್ ಡಬ್ಬಿಗೂ ಒಂದು ಸಾಲು ವಿಭೂತಿ ಎಳೆದು, ಕೈಗೆ ಕೊಬ್ಬರಿ ಚೂರು ಕೊಟ್ಟು, "ಹೂಂ, ಶುರು ಮಾಡ್ರಿ" ಅನ್ನುತ್ತಾರೆ.

ಆದರೆ ತೂತುಗಳು ಪಂಚಾಂಗ ನೋಡಿ ಬರುವುದಿಲ್ಲ. 2017ರ ಮೇ 12ರಂದು ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ವಾನಾಕ್ರೈ ಹಬ್ಬಿದಾಗ ಟಿವಿ ನೋಡಿದ ಸಾವ್ಕಾರ್ರು ಒಬ್ಬರ ಮೇಲೊಬ್ಬರು ಫೋನ್ ಮಾಡಿದರು. ಅದು ನುಗ್ಗುತ್ತಿದ್ದುದು ವಿಂಡೋಸ್‌ನ ಫೈಲ್ ಹಂಚಿಕೆಯ ಹಳೇ ವಿಧಾನವಾದ ಎಸ್‌ಎಂಬಿ-1ರ ತೂತಿನಿಂದ. ಮುಚ್ಚುವ ಪ್ಯಾಚ್ ಮಾರ್ಚ್ 14ಕ್ಕೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಲಿನಕ್ಸ್ ಇಟ್ಟುಕೊಂಡವರಿಗೆ ಒಳಗೊಳಗೇ ಒಂದು ಹೆಮ್ಮೆ. ಅದು ಹನ್ನೆರಡು ದಿನದ್ದು. ಮೇ 24ಕ್ಕೆ ಸಾಂಬಾದವರೇ ತಮ್ಮದೇ ಒಂದು ತೂತು ಪ್ರಕಟಿಸಿದರು, ಅದರ ಪಟ್ಟಿ ಸಂಖ್ಯೆ ಸಿವಿಇ-2017-7494. 2010ರಲ್ಲಿ ಬಂದ 3.5.0ಯಿಂದ ಹಿಡಿದು ಆವರೆಗಿನ ಎಲ್ಲ ಆವೃತ್ತಿಯಲ್ಲೂ ಅದು ಇತ್ತು. ಷೇರ್ ಫೋಲ್ಡರಿನಲ್ಲಿ ಬರೆಯುವ ಅನುಮತಿ ಇರುವವನು ಒಂದು ಲೈಬ್ರರಿ ಫೈಲ್ ತಂದಿಟ್ಟು, ಸರ್ವರೇ ಅದನ್ನು ಲೋಡ್ ಮಾಡಿ ಓಡಿಸುವಂತೆ ಮಾಡಬಹುದಿತ್ತು.

"ಬರೆಯೋ ಅನುಮತಿ ಬೇಕಲ್ಲ, ಹೊರಗಿನವ್ರಿಗೆ ಎಲ್ಲಿಂದ ಬರ್ತದ?" ಎಂದು ಕೇಳುವವರು ಕಾಟಾ ರೂಮು ನೋಡಿಲ್ಲ. ಗೋಡೆಗೆ ವೈಫೈ ಪಾಸ್‌ವರ್ಡ್ ಅಂಟಿಸಿರುತ್ತಾರೆ. ನೆಲ್ಲು ತಂದು ಪಾಳಿಗೆ ಕಾಯುವ ಡ್ರೈವರು, ಕ್ಲೀನರು ಎಲ್ಲರ ಫೋನೂ ಅದೇ ನೆಟ್‌ವರ್ಕಿನಲ್ಲಿ. ನಾನು ಕೆಲಸ ವಹಿಸಿಕೊಂಡ ಎಷ್ಟೋ ಕಡೆ ಚೀಟಿ ಫೋಲ್ಡರ್ ಗೆಸ್ಟ್‌ಗೇ ತೆರೆದಿತ್ತು, ಕಾಟಾ ಹುಡುಗನಿಗೆ ಪಾಸ್‌ವರ್ಡ್ ಹೊಡೆಯಲು ಬೇಜಾರು ಅಂತ. ಅಂಥ ಕಡೆ ಅವತ್ತೇ ಗೆಸ್ಟ್ ಬಂದ್ ಮಾಡಿ, ಸೆಟ್ಟಿಂಗ್ ಫೈಲಿನ ಗ್ಲೋಬಲ್ ಭಾಗದಲ್ಲಿ ‘ಎನ್‌ಟಿ ಪೈಪ್ ಸಪೋರ್ಟ್’ ಎಂಬ ಸಾಲಿಗೆ ‘ನೋ’ ಹಾಕಿದೆ. ಸಾಂಬಾದವರೇ ಹೇಳಿಕೊಟ್ಟ ತಾತ್ಕಾಲಿಕ ಉಪಾಯ ಅದು. ವಿಂಡೋಸ್‌ನಲ್ಲಿ ಷೇರ್‌ಗಳ ಪಟ್ಟಿ ಕಾಣದೆ ಹೋಗುತ್ತದೆ, ಆದರೆ ಡ್ರೈವ್ ಮೊದಲೇ ಮ್ಯಾಪ್ ಆಗಿದ್ದರೆ ಟ್ಯಾಲಿಗೆ ತೊಂದರೆಯಿಲ್ಲ.

ಆವೃತ್ತಿ ಸಂಖ್ಯೆ ನೋಡಿ ಕಂಗಾಲಾಗುವವರಿಗೆ ಒಂದು ಮಾತು. ಸರಿಪಡಿಸಿದ ಸಾಂಬಾ 4.6.4, 4.5.10, 4.4.14 ಎಂದು ಎಲ್ಲೆಡೆ ಬಂದಿತ್ತು. ಡೆಬಿಯನ್ 8ರಲ್ಲಿ ಇದ್ದದ್ದು 4.2.14. ಹಳೆಯದೇ, ಆದರೆ ಪ್ಯಾಕೇಜ್ ಹೆಸರಿನ ಬಾಲದಲ್ಲಿ ಡೆಬ್8ಯು6 ಅಂತಿದ್ದರೆ ಆ ತೂತು ಮುಚ್ಚಿದೆ ಅಂತಲೇ ಅರ್ಥ. ಡೆಬಿಯನ್ನಿನವರು ಹಳೇ ಆವೃತ್ತಿಗೇ ತೇಪೆ ಹಾಕಿ ಕೊಡುತ್ತಾರೆ, ಮುಂದಿನ ಸಂಖ್ಯೆಗೆ ಹೋಗುವುದಿಲ್ಲ. ಒಬ್ಬ ಹುಡುಗ ಇದು ತಿಳಿಯದೆ ಸಾಂಬಾದ ಸೋರ್ಸ್ (ಮೂಲ ಕೋಡ್) ಇಳಿಸಿಕೊಂಡು ತಾನೇ ಕಂಪೈಲ್ ಮಾಡಲು ಹೊರಟಿದ್ದ. ಹಾಗೆ ಮಾಡಿದ ಸರ್ವರಿಗೆ ಮುಂದಿನ ಪ್ಯಾಚ್ ಯಾರು ಕೊಡುತ್ತಾರೆ?

ಆಮೇಲೆ ನನ್ನ ಮೆಚ್ಚಿನ ಕೇಸು. 2022ರ ಜನವರಿ 31ಕ್ಕೆ ಸಾಂಬಾದ ಫ್ರೂಟ್ ಮಾಡ್ಯೂಲಿನ ತೂತು ಹೊರಬಿತ್ತು. ಆಪಲ್ ಕಂಪ್ಯೂಟರುಗಳಿಗಾಗಿ ಇರುವ ಮಾಡ್ಯೂಲ್ ಅದು. ಮರುದಿನವೇ ಅವರಾತ್ರಿ ಅಮಾವಾಸ್ಯೆ! ಒಮ್ಮೆಯಾದರೂ ಸಾಂಬಾದವರು ನಮ್ಮ ಪಂಚಾಂಗ ನೋಡಿದರಲ್ಲ ಅಂದುಕೊಂಡು ಬೆಳಿಗ್ಗೆಯೇ ಹೋಗಿ ಕೂತರೆ, ಡೆಬಿಯನ್ ಪ್ಯಾಕೇಜು ಇನ್ನೂ ಬಂದಿರಲಿಲ್ಲ. ಅದು ಬಂದಿದ್ದು ಫೆಬ್ರವರಿಯಲ್ಲಿ ಒಂದಷ್ಟು ದಿನ ಕಳೆದ ಮೇಲೆ. ಆ ಮಾಡ್ಯೂಲ್ ಬೇಕಾಗಿದ್ದುದು ಒಂದೇ ಮಿಲ್ಲಿನಲ್ಲಿ, ಸಾವ್ಕಾರ್ರ ಮಗನ ಮ್ಯಾಕ್‌ಬುಕ್ಕಿಗೆ. ಸೆಟ್ಟಿಂಗ್ ಫೈಲಿನಿಂದ ಫ್ರೂಟ್ ಪದ ಅಳಿಸಿ, "ತಮ್ಮಾ, ಫೈಲಿನ ಕೆಲವು ಮಾಹಿತಿ ಕಾಣಲಿಕ್ಕಿಲ್ಲ, ಸ್ವಲ್ಪ ದಿನ ಸಹಿಸಿಕೋ" ಎಂದು ಹೇಳಿ ಎದ್ದುಬಂದೆ.

ಪ್ಯಾಚ್ ಹಾಕಿದ್ದೇನೆ ಅನ್ನುವುದಕ್ಕೂ ಅದು ಓಡುತ್ತಿದೆ ಅನ್ನುವುದಕ್ಕೂ ವ್ಯತ್ಯಾಸ ಇದೆ. ಸಾಂಬಾ ಒಂದೊಂದು ಸಂಪರ್ಕಕ್ಕೂ ಬೇರೆ ಪ್ರೊಸೆಸ್, ಅಂದರೆ ಓಡುವ ತನ್ನದೇ ಒಂದು ಪ್ರತಿ, ಹುಟ್ಟಿಸುತ್ತದೆ. ಡಿಸ್ಕಿನಲ್ಲಿ ಹೊಸದು ಕೂತರೂ, ಮೊದಲಿನಿಂದ ಜೀವಂತ ಇರುವ ಪ್ರೊಸೆಸ್ಸು ಹಳೇ ಕೋಡಿನಲ್ಲೇ ಇರುತ್ತದೆ. ಅದಕ್ಕೆ ನಾನು ಮೊದಲು ಎಸ್‌ಎಂಬಿಸ್ಟೇಟಸ್ ಎಂಬ ಆದೇಶ ಕೊಟ್ಟು ಯಾರು ಯಾವ ಫೈಲ್ ಹಿಡಿದಿದ್ದಾರೆ ನೋಡುತ್ತೇನೆ. ಅಮಾವಾಸ್ಯೆ ದಿನವೂ ಯಾವುದೋ ಒಂದು ಟ್ಯಾಲಿ ತೆರೆದೇ ಇರುತ್ತದೆ, ಕಂಪ್ಯೂಟರ್ ಬಂದ್ ಮಾಡದೆ ಮನೆಗೆ ಹೋದವರದ್ದು. ನಡುವೆ ಸಂಪರ್ಕ ಕಡಿದರೆ ಡೇಟಾ ಕೆಡುವ ಭಯ. ಫೋನ್ ಮಾಡಿ ಕೇಳಿ, ಟ್ಯಾಲಿ ಮುಚ್ಚಿಸಿ, ಬ್ಯಾಕಪ್ ತೆಗೆದು, ಆಮೇಲೆ ರೀಸ್ಟಾರ್ಟ್. ಕೊನೆಗೆ ಪ್ರೊಸೆಸ್‌ಗಳು ಶುರುವಾದ ಸಮಯ ನೋಡಿದರಷ್ಟೇ ನನಗೆ ಸಮಾಧಾನ.

ತಕರಾರು ಬರುವುದು ಬೇರೆ ಕಡೆಯಿಂದ. 2019ರ ಸಾಂಬಾ 4.11ರಿಂದ ಎಸ್‌ಎಂಬಿ-1 ತಾನಾಗೇ ಬಂದ್. ಒಂದು ಮಿಲ್ಲಿನಲ್ಲಿ ಡೆಬಿಯನ್ ಹೊಸದು ಮಾಡಿದ ದಿನವೇ ಹಳೇ ಜೆರಾಕ್ಸ್ ಮಷಿನ್ನಿನಿಂದ ಸ್ಕ್ಯಾನ್ ಬರುವುದು ನಿಂತಿತು, ಅದಕ್ಕೆ ಗೊತ್ತಿರುವುದು ಎಸ್‌ಎಂಬಿ-1 ಮಾತ್ರ. "ನಿಮ್ಮ ಪ್ಯಾಚಿನಿಂದ ಕೆಟ್ಟಿತು" ಎಂದು ಗುಮಾಸ್ತರು ಸಿಟ್ಟಾದರು. ಒಂದು ಸಾಲು ಬದಲಿಸಿದರೆ ಮತ್ತೆ ನಡೆಯುತ್ತದೆ, ಹಾಗೆ ಬದಲಿಸಿ ಕೊಡುವವರೂ ಊರಲ್ಲಿದ್ದಾರೆ. ನಾನು ಬದಲಿಸಲಿಲ್ಲ. ಒಂದು ಮಷಿನ್ನಿಗಾಗಿ ಮನೆ ಬಾಗಿಲು ತೆರೆದಿಡುವುದಿಲ್ಲ. ಪೆನ್‌ಡ್ರೈವಿಗೆ ಸ್ಕ್ಯಾನ್ ಮಾಡುವುದು ತೋರಿಸಿಕೊಟ್ಟೆ. ಅವರು ಇನ್ನೂ ಗೊಣಗುತ್ತಾರೆ, ಗೊಣಗಲಿ.

ಈಗ ನನ್ನ ತಲೆ ತಿನ್ನುತ್ತಿರುವುದು ಇನ್ನೊಂದು ಮಿಲ್ಲಿನ ರೆಡಿಮೇಡ್ ಸ್ಟೋರೇಜ್ ಡಬ್ಬಿ. ಒಳಗಿರುವುದು ಸಾಂಬಾನೇ, ಆದರೆ ತಯಾರಿಸಿದ ಕಂಪನಿ ಅಪ್‌ಡೇಟ್ ಕೊಡುವುದನ್ನು ಬಿಟ್ಟು ವರ್ಷಗಳಾದವು. ಮೇಲಾಗಿ ಆಡಿಟರ್ ಕೊಪ್ಪಳದಿಂದಲೇ ಲೆಕ್ಕ ನೋಡಲಿ ಅಂತ ರೂಟರಿನಲ್ಲಿ ಫೈಲ್ ಹಂಚಿಕೆಯ ಬಾಗಿಲಾದ 445ನೇ ಪೋರ್ಟ್ ಹೊರಗೆ ತೆರೆದಿಟ್ಟಿದ್ದರು! ಅದನ್ನು ಮುಚ್ಚಿ ಆಡಿಟರಿಗೆ ವಿಪಿಎನ್ (ಗುಟ್ಟಿನ ಖಾಸಗಿ ದಾರಿ) ಕೊಟ್ಟಾಯಿತು. ಡಬ್ಬಿ ತಾನಾಗಿ ಇಂಟರ್ನೆಟ್ಟಿಗೆ ಹೋಗದಂತೆ ಅದರ ಗೇಟ್‌ವೇ ಖಾಲಿ ಬಿಟ್ಟು, ವೈಫೈಗೆ ಕಾಣದ ಹಾಗೆ ಬೇರೆ ಮಾಡಿದ್ದೇನೆ. ಡಬ್ಬಿ ಬದಲಿಸೋಣ ಅಂದರೆ ಸಾವ್ಕಾರ್ರು, "ನಡೀತೈತಲ್ಲಪಾ, ಸುಗ್ಗಿ ಮುಗೀಲಿ ನೋಡೂಣು" ಅಂದರು. ಕೊಟೇಶನ್ ಅವರ ಮೇಜಿನ ಗಾಜಿನಡಿ ಇಟ್ಟು ಬಂದಿದ್ದೇನೆ, ಮುಂದಿನ ಅಮಾವಾಸ್ಯೆಗೆ ಮತ್ತೆ ಕೇಳುತ್ತೇನೆ.