ನಿಲ್ಟನ್ ಸಾಂಟೋಸ್ ನಕ್ಷೆಗಳು: ಕೆಲಸ ಎಲ್ಲಿಯವರೆಗೆ ಬಂತು

ಫುಟ್‌ಬಾಲ್‌ನಲ್ಲಿ ಬ್ರೆಜಿಲ್ ಪರ 75 ಪಂದ್ಯ, 3 ಗೋಲು. ನಿಲ್ಟನ್ ಸಾಂಟೋಸ್ ಬಗ್ಗೆ ಇಷ್ಟು ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ರಕ್ಷಣಾ ಆಟಗಾರನ ಲೆಕ್ಕ ಗೋಲಿನಲ್ಲಿ ಸಿಗುವುದಲ್ಲ, ಆತ ನಿಂತ ಜಾಗದಲ್ಲಿ ಸಿಗಬೇಕು. ಹಾಗೆಂದುಕೊಂಡೇ ಈ ಕೆಲಸಕ್ಕೆ ಕೈಹಾಕಿದ್ದು: ಪಂದ್ಯಕ್ಕೊಂದು ಹಾಳೆ, ಹಾಳೆಯ ಮೇಲೆ ಮೈದಾನದ ನಕ್ಷೆ, ಚೆಂಡು ಅವರ ಕಾಲಿಗೆ ಬಂದಲ್ಲೆಲ್ಲ ಒಂದೊಂದು ಚುಕ್ಕೆ. 1998ರಲ್ಲಿ ಇಪ್ಪತ್ತನೇ ಶತಮಾನದ ವಿಶ್ವ ತಂಡವನ್ನು ಆರಿಸಿದಾಗ ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯ ರಕ್ಷಣಾ ಆಟಗಾರನ ಜಾಗ ಸಿಕ್ಕಿದ್ದು ಇವರಿಗೇ. ಆದರೂ ಪೆಲೆ, ಗ್ಯಾರಿಂಚಾ ಹೆಸರು ಗೊತ್ತಿರುವ ಹತ್ತು ಜನರಲ್ಲಿ ಒಬ್ಬರಾದರೂ ಈ ಹೆಸರು ಹೇಳಿದರೆ ನನಗೆ ಆಶ್ಚರ್ಯವೇ.

ಅಳತೆ 1:200. 105 ಮೀಟರ್ ಉದ್ದದ ಮೈದಾನ ಹಾಳೆಯಲ್ಲಿ 52.5 ಸೆಂ.ಮೀ. ಆಗುತ್ತದೆ. ಪಂದ್ಯದ ಹಳೆಯ ಕಪ್ಪು-ಬಿಳುಪು ಚಲನಚಿತ್ರವನ್ನು ಲ್ಯಾಪ್‌ಟಾಪ್‌ನಲ್ಲಿ ತಡೆದು ನಿಲ್ಲಿಸಿ, ಪರದೆಗೆ ಟ್ರೇಸಿಂಗ್ ಕಾಗದ ಹಿಡಿದು, ಕಾಣುವ ಗೆರೆಗಳನ್ನು ಮೊದಲು ಎಳೆದುಕೊಳ್ಳುತ್ತೇನೆ. ಗೋಲಿನ ಮುಂದಿನ ಪೆನಾಲ್ಟಿ ಆವರಣದ ಮೂಲೆಯೋ ನಡುಗೆರೆಯೋ ಕಂಡರೆ ಜಾಗ ನಿಖರವಾಗಿ ಸಿಗುತ್ತದೆ. ಅಲ್ಲಿ ತುಂಬಿದ ಚುಕ್ಕೆ. ಕ್ಯಾಮೆರಾ ಬರೀ ಹುಲ್ಲನ್ನು ತೋರಿಸುತ್ತಿದ್ದರೆ ಅಂದಾಜು; ಅಲ್ಲಿ ಟೊಳ್ಳು ವೃತ್ತ. ಟೊಳ್ಳು ವೃತ್ತಗಳೇ ಹೆಚ್ಚಾಗುತ್ತಿವೆ. ಆಗಿನ ಕ್ಯಾಮೆರಾದವರಿಗೆ ಲೆಫ್ಟ್ ಬ್ಯಾಕ್ ಮೇಲೆ ವಿಶೇಷ ಪ್ರೀತಿಯೇನೂ ಇರಲಿಲ್ಲ.

1958ರ ವಿಶ್ವಕಪ್ ಫೈನಲ್, ಮುಗಿದಿದೆ

ಜೂನ್ 29, ಸ್ಟಾಕ್‌ಹೋಮ್, ಬ್ರೆಜಿಲ್ 5, ಸ್ವೀಡನ್ 2. ಸ್ವೀಡನ್ನಿನದೂ ಹಳದಿ ಅಂಗಿಯಾದ್ದರಿಂದ ಬ್ರೆಜಿಲ್ ಅಂದು ನೀಲಿ ತೊಟ್ಟಿತ್ತು. ನನ್ನ ಪಾಲಿಗೆ ಅದು ವರ, ಕಪ್ಪು-ಬಿಳುಪಿನಲ್ಲಿ ಎರಡು ತಂಡಗಳು ಸ್ಪಷ್ಟವಾಗಿ ಬೇರೆಯಾಗುತ್ತವೆ. ಸಂಖ್ಯೆಗಳದ್ದೇ ಗೋಜು. ಆ ವಿಶ್ವಕಪ್‌ನಲ್ಲಿ ಬ್ರೆಜಿಲ್ ಆಟಗಾರರ ಸಂಖ್ಯೆಗೂ ಆಡುವ ಜಾಗಕ್ಕೂ ತಾಳಮೇಳವಿರಲಿಲ್ಲ. ಗೋಲ್‌ಕೀಪರ್ ಗಿಲ್ಮಾರ್ ಬೆನ್ನಿಗೆ 3, ಎಡ ಅಂಚಿನ ಝಗಾಲೊ ಬೆನ್ನಿಗೆ 7, ನಿಲ್ಟನ್ ಬೆನ್ನಿಗೆ 12. ಮಸುಕು ಚಿತ್ರದಲ್ಲಿ ಈ 12 ಹುಡುಕುವುದೇ ಕಣ್ಣಿಗೆ ದೊಡ್ಡ ವ್ಯಾಯಾಮ.

ಹಾಳೆ ಒಣಗಲು ಇಟ್ಟಿದ್ದಾಗ ಅಕ್ಕನ ಮಗ ಬಂದು ನೋಡಿ, "ಮಾಮ, ಇವರು ಇಷ್ಟು ಕಡಿಮೆ ಓಡಿದರೇ?" ಎಂದ. ಚುಕ್ಕೆಗಳು ಎಡಗೆರೆಯ ಪಕ್ಕ, ನಡುಗೆರೆಯಿಂದ ಈಚೆಗೇ ಗುಂಪುಗಟ್ಟಿದ್ದವು. ಚುಕ್ಕೆ ಓಡಿದ ದೂರವನ್ನು ತೋರಿಸುವುದಿಲ್ಲ, ಚೆಂಡು ಬಂದ ಜಾಗವನ್ನು ತೋರಿಸುತ್ತದೆ ಎಂದು ವಿವರಿಸಿದೆ. ಅವನಿಗೆ ಅಷ್ಟೇನೂ ಒಪ್ಪಿಗೆಯಾದಂತೆ ಕಾಣಲಿಲ್ಲ. ಅವನ ಪ್ರಶ್ನೆಯಿಂದ ಒಂದು ಲಾಭವಂತೂ ಆಯಿತು. ನಿಲ್ಟನ್ ಒಬ್ಬರನ್ನೇ ಗುರುತಿಸಿದರೆ ಅರ್ಧ ಕಥೆ. ಅವರ ಎದುರಿಗಿದ್ದವನನ್ನೂ ಗುರುತಿಸಬೇಕು. ಎದುರಿಗಿದ್ದವನು ಕುರ್ಟ್ ಹ್ಯಾಮ್ರಿನ್, ಸ್ವೀಡನ್ನಿನ ಬಲ ಅಂಚಿನ ಆಟಗಾರ, ಸೆಮಿಫೈನಲ್‌ನಲ್ಲಿ ಪಶ್ಚಿಮ ಜರ್ಮನಿಗೆ ಗೋಲು ಹೊಡೆದು ಬಂದಿದ್ದವನು. ಈಗ ಕೆಂಪು ಪೆನ್ಸಿಲ್ ಹ್ಯಾಮ್ರಿನ್‌ಗೆ ಮೀಸಲು. ಕೆಂಪು ಚುಕ್ಕೆಗಳು ಬಂದ ಮೇಲೆ ಹಾಳೆಗೆ ಜೀವ ಬಂತು. ಕೆಂಪು ಅಂಚಿಗೆ ಅಂಟಿಕೊಂಡಿದೆ, ಅದಕ್ಕೂ ಗೋಲಿಗೂ ನಡುವೆ ಕಪ್ಪು ನಿಂತಿದೆ. ನಿಲ್ಟನ್ ನೆಲಕ್ಕೆ ಜಾರಿ ಚೆಂಡು ಕಸಿದದ್ದು ಅಪರೂಪ. ಹ್ಯಾಮ್ರಿನ್ ಒಳಗೆ ಬರುವ ದಾರಿಯಲ್ಲಿ ಮೊದಲೇ ಹೋಗಿ ನಿಂತುಬಿಡುವುದು, ಅಷ್ಟೇ. ಬ್ರೆಜಿಲ್‌ನವರು ಇವರನ್ನು 'ವಿಶ್ವಕೋಶ' ಎಂದು ಕರೆದದ್ದು ಸುಮ್ಮನಲ್ಲ.

ಆಸ್ಟ್ರಿಯ ಹಾಳೆ, ಚಿಕ್ಕದು

ಅದೇ ವಿಶ್ವಕಪ್, ಜೂನ್ 8, ಉಡೆವಾಲ. ನಿಲ್ಟನ್ ತಮ್ಮ ಅರ್ಧದಿಂದ ಚೆಂಡು ತೆಗೆದುಕೊಂಡು ಹೊರಟರು, ಕೋಚ್ ವಿಸೆಂಟೆ ಫಿಯೋಲಾ "ಹಿಂದೆ ಬಾ" ಎಂದು ಗೆರೆಯಾಚೆಯಿಂದ ಕೂಗುತ್ತಲೇ ಇದ್ದರು, ಇವರು ಹೋಗಿ ಗೋಲು ಹೊಡೆದರು ಎಂಬ ಕಥೆ ಬ್ರೆಜಿಲ್‌ನಲ್ಲಿ ಮನೆಮಾತು. 3-0 ಗೆಲುವಿನಲ್ಲಿ ಉಳಿದೆರಡು ಗೋಲು ಮಝೋಲಾ ಅವರದು. ಈ ಹಾಳೆಯಲ್ಲಿ ಇರುವುದು ಆ ಒಂದೇ ಓಟದ ಗೆರೆ. ಮುಂದಕ್ಕೆ ನುಗ್ಗುವ ಲೆಫ್ಟ್ ಬ್ಯಾಕ್‌ಗಳಿಗೆಲ್ಲ ಇವರೇ ಮೂಲಪುರುಷ ಎಂದು ಬರೆಯುವವರು ಹಿಡಿದುಕೊಳ್ಳುವುದು ಈ ಗೆರೆಯನ್ನೇ. ಮಾತು ಸುಳ್ಳಲ್ಲ, ಮೊದಲು ಫಾರ್ವರ್ಡ್, ಅಂದರೆ ಮುಂಚೂಣಿಯ ಆಟಗಾರ ಆಗಿದ್ದ ಅವರನ್ನು ಹಿಂದಕ್ಕೆ ನಿಲ್ಲಿಸಿದ್ದೇ ಅವರ ಕ್ಲಬ್ ಬೋಟಾಫೊಗೊ. ಆದರೆ ಫೈನಲ್ ಹಾಳೆಯ ಪಕ್ಕ ಇದನ್ನು ಇಟ್ಟು ನೋಡಿದರೆ, ಅವರ ದೊಡ್ಡತನ ಯಾವಾಗ ಹೋಗಬಾರದು ಎಂದು ತಿಳಿದಿದ್ದರಲ್ಲಿ ಹೆಚ್ಚು ಇದೆ ಅನಿಸುತ್ತದೆ.

1962, ವಿನ್ಯಾ ಡೆಲ್ ಮಾರ್: ಎಂಟು ಮಿಲಿಮೀಟರ್

ಅತಿ ಹೆಚ್ಚು ಸಮಯ ತಿಂದದ್ದು ಇದೇ. ಜೂನ್ 6, ವಿಶ್ವಕಪ್‌ನಲ್ಲಿ ಸ್ಪೇನ್ ವಿರುದ್ಧದ ಗುಂಪು ಪಂದ್ಯ. ಪೆಲೆ ಗಾಯಗೊಂಡು ಹೊರಗಿದ್ದಾರೆ. ಅಡೆಲಾರ್ಡೊ ಗೋಲಿನಿಂದ ಸ್ಪೇನ್ 1-0 ಮುಂದಿದೆ. ಇನ್ನೊಂದು ಗೋಲು ಬಿದ್ದರೆ ಹಿಂದಿನ ಚಾಂಪಿಯನ್ನರು ಮೊದಲ ಸುತ್ತಿನಲ್ಲೇ ಮನೆಗೆ ಹೋಗುವ ಅಪಾಯ. ಆಗ ಸ್ಪೇನಿನ ಎನ್ರಿಕೆ ಕೊಯಾರ್ ಪೆನಾಲ್ಟಿ ಆವರಣಕ್ಕೆ ನುಗ್ಗುತ್ತಾನೆ, 37 ವರ್ಷದ ನಿಲ್ಟನ್ ಅವನನ್ನು ಕೆಡವುತ್ತಾರೆ. ಆವರಣದೊಳಗೆ ಆದ ತಪ್ಪು, ಅದು ಖಂಡಿತ ಪೆನಾಲ್ಟಿ. ರೆಫರಿ ದೂರದಿಂದ ಓಡಿ ಬರುತ್ತಿದ್ದಾರೆ. ನಿಲ್ಟನ್ ವಾದಿಸುವುದಿಲ್ಲ, ಗಾಬರಿಯಾಗುವುದೂ ಇಲ್ಲ; ಕೈ ಮೇಲೆತ್ತಿ, ಏನೂ ಆಗಿಲ್ಲವೆಂಬಂತೆ ಹೆಜ್ಜೆ ಮುಂದಿಟ್ಟು ಗೆರೆಯಿಂದ ಹೊರಗೆ ನಿಲ್ಲುತ್ತಾರೆ. ಅವರು ನಿಂತ ಜಾಗ ನೋಡಿ ರೆಫರಿ ಕೊಟ್ಟದ್ದು ಫ್ರೀ ಕಿಕ್. ಪುಸ್ಕಾಸ್ ಒದ್ದ ಆ ಫ್ರೀ ಕಿಕ್‌ನಿಂದ ಪೇರೊ ಹಿಮ್ಮುಖವಾಗಿ ಹಾರಿ ಗೋಲಿಗೆ ಹೊಡೆದರೂ ಅದನ್ನು ಮಾನ್ಯ ಮಾಡಲಿಲ್ಲ. ಕೊನೆಗೆ ಅಮರಿಲ್ಡೊ ಎರಡು ಗೋಲು ಹೊಡೆದು ಬ್ರೆಜಿಲನ್ನು ಪಾರುಮಾಡಿದರು.

ನನ್ನ ಅಳತೆಯಲ್ಲಿ ಒಂದು ಹೆಜ್ಜೆ ಅಂದರೆ ಸುಮಾರು ನಾಲ್ಕು ಮಿಲಿಮೀಟರ್, ಎರಡಾದರೆ ಎಂಟು. ಇಡೀ ಘಟನೆ ಅಕ್ಕಿಕಾಳಿನಷ್ಟು ಜಾಗದಲ್ಲಿ ಮುಗಿದುಹೋಗುತ್ತದೆ. ಮಾಮೂಲಿ ಪೆನ್ನಿನ ಚುಕ್ಕೆ ಹಾಕಿದರೆ ಒಳಗಿದ್ದ ನಿಲ್ಟನ್, ಹೊರಗಿದ್ದ ನಿಲ್ಟನ್ ಇಬ್ಬರೂ ಗೆರೆಗೆ ತಾಗುತ್ತಾರೆ. ಹಾಗಾಗಿ ಆವರಣದ ಆ ಅಂಚನ್ನು ಮಾತ್ರ ಹಾಳೆಯ ಮೂಲೆಯಲ್ಲಿ 1:20ಕ್ಕೆ ಹಿಗ್ಗಿಸಿ, 0.3ರ ಪೆನ್ನಿನಲ್ಲಿ ಬಿಡಿಸಿದೆ. ಈಗ ಆ ಎರಡು ಹೆಜ್ಜೆ ಎಂಟು ಸೆಂಟಿಮೀಟರ್ ಆಗಿವೆ, ರೆಫರಿ ಬಂದ ದಿಕ್ಕಿಗೊಂದು ಬಾಣವಿದೆ. ಇದು ವಂಚನೆಯೇ, ಅದರಲ್ಲಿ ಎರಡು ಮಾತಿಲ್ಲ. ಸ್ಪೇನಿನವರಿಗೆ ಅನ್ಯಾಯವೂ ಆಯಿತು. ಆದರೆ ಗೆರೆ ಎಲ್ಲಿದೆ, ರೆಫರಿ ಎಲ್ಲಿದ್ದಾರೆ ಎಂಬುದನ್ನು ಕಾಲ ಕೆಳಗೆ ನೋಡದೆಯೇ ಬಲ್ಲವರಿಗಷ್ಟೇ ಇದು ಸಾಧ್ಯ. ಫೈನಲ್‌ನಲ್ಲಿ ಹ್ಯಾಮ್ರಿನ್‌ಗೆ ದಾರಿ ಮುಚ್ಚಿದ್ದೂ ಇದೇ ತಿಳಿವಳಿಕೆ.

ಬಿಟ್ಟದ್ದು, ಉಳಿದದ್ದು

1953ರಲ್ಲಿ ಗ್ಯಾರಿಂಚಾ ಬೋಟಾಫೊಗೊಗೆ ಪರೀಕ್ಷೆಗೆ ಬಂದು ಎದುರಿಗೆ ನಿಂತ ನಿಲ್ಟನ್‌ರನ್ನೇ ಆಟವಾಡಿಸಿದ್ದು, ಈ ಹುಡುಗನನ್ನು ಬಿಡಬೇಡಿ ಎಂದು ನಿಲ್ಟನ್ನರೇ ಹೇಳಿದ್ದು ಪ್ರಸಿದ್ಧ ಕಥೆ. ಚಿತ್ರವಿಲ್ಲದೆ ನಕ್ಷೆ ಬಿಡಿಸುವುದಿಲ್ಲ ಎಂಬ ನನ್ನ ನಿಯಮದಿಂದ ಅದು ಹೊರಗುಳಿಯಿತು. ಬೋಟಾಫೊಗೊ ಗೆದ್ದ 1948ರ ಕಾರಿಯೊಕಾ (ರಿಯೊ ಲೀಗ್) ಪ್ರಶಸ್ತಿಯೂ ಹಾಗೆಯೇ. ಕ್ಲಬ್ಬಿನ ಅದೃಷ್ಟವೆಂದು ಹೆಸರಾದ ಬಿರಿಬಾ ಎಂಬ ಕಪ್ಪು-ಬಿಳುಪು ನಾಯಿಯನ್ನು ಹಾಳೆಯ ಮೂಲೆಯಲ್ಲಿ ಬಿಡಿಸುವ ಆಸೆಯಿತ್ತು, ಬಿಟ್ಟಿದ್ದೇನೆ. 1948ರಿಂದ 1964ರವರೆಗೆ ಒಂದೇ ಕ್ಲಬ್ಬಿಗೆ 700ಕ್ಕೂ ಹೆಚ್ಚು ಪಂದ್ಯ ಆಡಿದವರ ಕ್ಲಬ್ ಜೀವನ ಹೀಗೆ ಪೂರ್ತಿ ಖಾಲಿ ಉಳಿಯುವುದು ನನಗೂ ಕಿರಿಕಿರಿಯೇ. ರಿಯೊದ ಎಂಜೆನ್ಯಾವೊ ಕ್ರೀಡಾಂಗಣಕ್ಕೆ ಈಗ ಅವರದೇ ಹೆಸರಿದೆ, ಮುಖಪುಟಕ್ಕೆ ಅದರ ನೆಲನಕ್ಷೆ ಬಿಡಿಸಿ ಸ್ವಲ್ಪ ಸಮಾಧಾನ ಮಾಡಿಕೊಳ್ಳಬಹುದು.

1954ರ ವಿಶ್ವಕಪ್‌ನ ಬರ್ನ್ ಪಂದ್ಯದಲ್ಲಿ ನಿಲ್ಟನ್ ಹಂಗೆರಿಯ ಬೋಜಿಕ್ ಜೊತೆ ಹೊಡೆದಾಡಿ, ಇಬ್ಬರನ್ನೂ ರೆಫರಿ ಹೊರಹಾಕಿದ್ದಕ್ಕೆ ಅರ್ಧ ಹಾಳೆ ಸಾಕು.

ಮುಂದಿನದು 1962ರ ಫೈನಲ್, ಚೆಕೊಸ್ಲೊವಾಕಿಯ ವಿರುದ್ಧ 3-1. ಈ ಬಾರಿ ನಿಲ್ಟನ್ ಬೆನ್ನಿಗೆ ಸಲೀಸಾಗಿ ಓದಬಹುದಾದ 6. ಎದುರಾಳಿಗೆ ಕೆಂಪು ಇದ್ದೇ ಇದೆ, ಜೊತೆಗೆ ಝಗಾಲೊಗೂ ಒಂದು ಬಣ್ಣ ಬೇಕು. ಎಡ ಅಂಚಿನಿಂದ ಅವರು ಹಿಂದಕ್ಕೆ ಬಂದು ಬಂದು ನಿಲ್ಟನ್‌ಗೆ ಎಷ್ಟು ಹೊರೆ ಇಳಿಸಿದರು ಎಂಬುದು ಚುಕ್ಕೆಗಳಲ್ಲಿ ಕಾಣಬೇಕು. ಹಸಿರು ಪೆನ್ಸಿಲ್ ತಂದಿಟ್ಟಿದ್ದೇನೆ, ಮೊದಲರ್ಧದ ಟ್ರೇಸಿಂಗ್ ನಡೆಯುತ್ತಿದೆ.