ಟೆಂಟ್‌ನಲ್ಲಿ ಮಲಗೋಕೆ ಭಯ ಆಗಲ್ವಾ?

ಊರಿಗೆ ಫೋನ್ ಮಾಡಿದಾಗ, ಮೆಲ್ಬರ್ನ್‌ನಲ್ಲಿ ಕನ್ನಡದವರ ಮನೆಗೆ ಊಟಕ್ಕೆ ಹೋದಾಗ, ನಮ್ಮ ಫೋಟೋ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಆಸ್ಟ್ರೇಲಿಯಾ ಅಂದ್ರೆ ಎಲ್ಲಿ ನೋಡಿದ್ರೂ ಹಾವು, ಜೇಡ ಅಂತಾರೆ. ನೀವಿಬ್ಬರೇ ಟೆಂಟ್ ಹಾಕ್ಕೊಂಡು ಮಲಗ್ತೀರಲ್ಲ, ಭಯ ಆಗಲ್ವಾ?" ಅತ್ತೆಯವರು ಇದಕ್ಕೆ ಇನ್ನೊಂದು ಮಾತು ಸೇರಿಸುತ್ತಾರೆ: "ಸುಮ್ನೆ ಒಂದು ರೂಮ್ ಮಾಡಬಾರದೇನಮ್ಮಾ?"

ಭಯ ಇದೆ. ಹಾವಿನದಲ್ಲ, ಕತ್ತಲಾದ ಮೇಲೆ ಕಾರು ಓಡಿಸುವುದರದ್ದು. ಆ ಭಯಕ್ಕೆ ನಮಗೆ ಸಿಕ್ಕಿರುವ ಒಳ್ಳೆಯ ಉಪಾಯವೇ ಟೆಂಟ್. ಇದನ್ನು ಬಿಡಿಸಿ ಹೇಳಬೇಕು.

ಮೊದಲು ಹಾವಿನ ವಿಷಯ ಮುಗಿಸಿಬಿಡುತ್ತೇನೆ. ಟೈಗರ್ ಸ್ನೇಕ್, ಈಸ್ಟರ್ನ್ ಬ್ರೌನ್ ಎರಡೂ ವಿಷದ ಹಾವುಗಳೇ, ನಾವು ಓಡಾಡುವ ಕಡೆ ಎರಡೂ ಇವೆ. ಆದರೂ ಇಡೀ ಆಸ್ಟ್ರೇಲಿಯಾದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಸರಾಸರಿ ಇಬ್ಬರು. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆ ಅನ್ನುತ್ತದೆ ಅಂದಾಜು. ಹೆಚ್ಚಿನವರು ಹಳ್ಳಿಯವರು, ಗದ್ದೆ ತೋಟದಲ್ಲಿ ದುಡಿಯುವವರು. ಹಾವಿನ ಬಗ್ಗೆ ಚಿಂತೆ ಮಾಡುವುದಾದರೆ ಊರಿನಲ್ಲಿ ಬರಿಗಾಲಲ್ಲಿ ಗದ್ದೆಗೆ ಇಳಿಯುವವರ ಬಗ್ಗೆ ಮಾಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಜೇಡದ ಕಥೆಯೂ ಅಷ್ಟೇ. ಸಿಡ್ನಿಯ ಫನೆಲ್ ವೆಬ್ ಜೇಡಕ್ಕೆ 1981ರಲ್ಲಿ ಮದ್ದು ಬಂದ ಮೇಲೆ ಅದು ಕಚ್ಚಿ ಯಾರೂ ಸತ್ತಿಲ್ಲ.

ಹಾಗಂತ ಉದಾಸೀನ ಮಾಡುವುದಿಲ್ಲ. ಕಾರಿನಲ್ಲಿ ಅಗಲವಾದ ಎಲಾಸ್ಟಿಕ್ ಬ್ಯಾಂಡೇಜ್ ಸದಾ ಇರುತ್ತದೆ. ಇಲ್ಲಿಯ ಹಾವು ಕಚ್ಚಿದರೆ ಗಾಯ ತೊಳೆಯಬಾರದು, ನಡೆಯಬಾರದು. ಕೈಯೋ ಕಾಲೋ ಪೂರ್ತಿ ಬಿಗಿಯಾಗಿ ಸುತ್ತಿ, ಅಲುಗಾಡದಂತೆ ಕಟ್ಟಿ, 000ಗೆ ಫೋನ್ ಮಾಡಬೇಕು. ಇದು ಆಸ್ಟ್ರೇಲಿಯಾದ ಹಾವುಗಳಿಗೆ ಹೇಳಿದ ಕ್ರಮ. ಊರಿನಲ್ಲಿ ಮಂಡಲದ ಹಾವು ಕಚ್ಚಿದಾಗ ಹೀಗೆ ಬಿಗಿಯಲು ಹೋಗಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಇನ್ನು ಟೆಂಟ್ ವಿಷಯದಲ್ಲಿ ನಮ್ಮದು ಒಂದೇ ನಿಯಮ: ಜಿಪ್ ಯಾವಾಗಲೂ ಹಾಕಿರಬೇಕು, ಶೂ ಒಳಗಿರಬೇಕು. ಒಳಗೆ ನುಗ್ಗಲು ನಿಜವಾಗಿ ಹವಣಿಸುವುದು ಪೋಸಮ್. ಬೆಕ್ಕಿನಷ್ಟು ದೊಡ್ಡ ಪ್ರಾಣಿ, ಬ್ರೆಡ್ಡಿನ ವಾಸನೆ ಹಿಡಿದು ರಾತ್ರಿ ಬಂದೇ ಬರುತ್ತದೆ. ಅದಕ್ಕೇ ತಿನ್ನುವ ಸಾಮಾನೆಲ್ಲ ಕಾರಿನಲ್ಲಿ ಇಡುತ್ತೇವೆ.

ಈಗ ಕತ್ತಲಿನ ವಿಷಯ. ಹಗಲೆಲ್ಲ ನೆರಳಲ್ಲಿ ಮಲಗಿರುವ ಕಾಂಗರೂಗಳು ಮೇಯಲು ಹೊರಡುವುದು ಹೊತ್ತು ಮುಳುಗುವಾಗ. ಮಳೆ ನೀರು ಟಾರ್ ರಸ್ತೆಯಿಂದ ಇಳಿದು ಅಂಚಿನಲ್ಲಿ ಇಂಗುತ್ತದಲ್ಲ, ಅಲ್ಲಿಯ ಹುಲ್ಲು ಉಳಿದ ಕಡೆಗಿಂತ ಹಸಿರು. ಹಾಗಾಗಿ ಅವು ಮೇಯುವುದೂ ರಸ್ತೆಯ ಅಂಚಿನಲ್ಲೇ. ಗಂಟೆಗೆ 100 ಕಿಲೋಮೀಟರ್‌ನಲ್ಲಿ ಹೋಗುವ ಕಾರಿಗೆ ಒಂದು ದೊಡ್ಡ ಕಾಂಗರೂ ಅಡ್ಡ ಹಾರಿದರೆ ಏನಾಗುತ್ತದೆ ಅನ್ನುವುದನ್ನು ಹಳ್ಳಿ ಕಡೆಯ ಯಾವುದೇ ಗ್ಯಾರೇಜಿನವರು ಹೇಳುತ್ತಾರೆ. ತಪ್ಪಿಸಲು ಸ್ಟೀರಿಂಗ್ ತಿರುಗಿಸಿದವರು ಮರಕ್ಕೆ ಗುದ್ದುವುದು ಇನ್ನೂ ಕೆಟ್ಟದ್ದು. ನೇರವಾಗಿ ಬ್ರೇಕ್ ಹಾಕಿ ಅಂತಲೇ ಇಲ್ಲಿ ಕಲಿಸುತ್ತಾರೆ.

ರೂಮ್ ಬುಕ್ ಮಾಡಿದವರಿಗೆ ಏನಾಗುತ್ತದೆ ನೋಡಿ. ರೂಮ್ ಇದೆ, ಬೀಗದ ಕೈ ಸಿಗುತ್ತದೆ, ಇನ್ನೂ ಸ್ವಲ್ಪ ದೂರ ಹೋಗೋಣ, ಎಂಟು ಗಂಟೆಗೆ ಸೇರಿದರಾಯಿತು ಅನ್ನಿಸುತ್ತದೆ. ಟೆಂಟ್ ಇದ್ದರೆ ಹಾಗೆ ಅನ್ನಿಸುವುದಿಲ್ಲ. ಬೆಳಕಿದ್ದಾಗಲೇ ಗೂಟ ಹೊಡೆಯಬೇಕು, ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡಬೇಕು, ಮೇಲೆ ಒಣಗಿದ ಕೊಂಬೆ ಇದೆಯಾ ಅಂತ ಕತ್ತೆತ್ತಿ ನೋಡಬೇಕು. ಯೂಕಲಿಪ್ಟಸ್ ಜಾತಿಯ ಮರಗಳು ಗಾಳಿಯಿಲ್ಲದ ದಿನವೂ ದೊಡ್ಡ ಕೊಂಬೆ ಬೀಳಿಸುತ್ತವೆ. ಹಾಗಾಗಿ ನಾಲ್ಕು ಗಂಟೆಗೆ ಕಾರು ನಿಂತಿರುತ್ತದೆ. ಐದಕ್ಕೆ ಒಲೆ ಹೊತ್ತಿರುತ್ತದೆ. ಕಾಂಗರೂಗಳು ಹೊರಡುವ ಹೊತ್ತಿಗೆ ನಾವು ಕುರ್ಚಿ ಹಾಕಿಕೊಂಡು ಅವುಗಳನ್ನೇ ನೋಡುತ್ತಾ ಕಾಫಿ ಕುಡಿಯುತ್ತಿರುತ್ತೇವೆ.

ನಮಗೆ ತುಂಬಾ ಇಷ್ಟವಾದ ದಾರಿ ಮೆಲ್ಬರ್ನ್‌ನಿಂದ ಪಶ್ಚಿಮಕ್ಕೆ, ಗ್ರೇಟ್ ಓಷನ್ ರೋಡ್ ಹಿಡಿದು ಸೌತ್ ಆಸ್ಟ್ರೇಲಿಯಾದ ಕೂರಾಂಗ್‌ವರೆಗೆ. ಹೋಗುವುದು ಮಾರ್ಚ್‌ನಲ್ಲಿ. ಬಿಸಿಲು ಇಳಿದಿರುತ್ತದೆ, ಜನವರಿಯ ಜನಜಂಗುಳಿ ಕರಗಿರುತ್ತದೆ. ಗ್ರೇಟ್ ಓಷನ್ ರೋಡ್ ಅಂದರೆ ಎಲ್ಲರಿಗೂ ಟ್ವೆಲ್ವ್ ಅಪಾಸಲ್ಸ್ ಬಂಡೆಗಳು ನೆನಪಾಗುತ್ತವೆ. ನನಗೆ ಆ ರಸ್ತೆಯೇ ದೊಡ್ಡದು. ಮೊದಲ ಮಹಾಯುದ್ಧ ಮುಗಿಸಿ ಬಂದ ಸುಮಾರು 3000 ಸೈನಿಕರು 1919ರಿಂದ 1932ರವರೆಗೆ ಗುದ್ದಲಿ, ಹಾರೆ ಹಿಡಿದು, ಬೆಟ್ಟದ ಬದಿ ಕಡಿದು, ಸತ್ತ ಗೆಳೆಯರ ನೆನಪಿಗೆ ಮಾಡಿದ ರಸ್ತೆ ಅದು. ಅವರೂ ಇದೇ ಗುಡ್ಡಗಳಲ್ಲಿ ಟೆಂಟ್ ಹಾಕಿಕೊಂಡಿದ್ದವರು. ಯುದ್ಧದಿಂದ ಬಂದವರಿಗೆ ಮತ್ತೆ ಡೇರೆಯ ಬದುಕೇ ಆಯಿತಲ್ಲ ಅಂತ ಈಸ್ಟರ್ನ್ ವ್ಯೂನ ಕಮಾನಿನ ಹತ್ತಿರ ಕಾರು ನಿಲ್ಲಿಸಿದಾಗೆಲ್ಲ ಅನ್ನಿಸುತ್ತದೆ.

ವಾರ್ನಂಬೂಲ್ ದಾಟಿದ ಮೇಲೆ ಟವರ್ ಹಿಲ್ ಸಿಗುತ್ತದೆ. ಆರಿಹೋದ ಜ್ವಾಲಾಮುಖಿಯ ಬಾಯಿ, ಒಳಗೆ ಕೆರೆ, ನಡುವೆ ಸಣ್ಣ ಗುಡ್ಡಗಳು. ಬಿಳಿಯರು ಬಂದ ಮೇಲೆ ಮರವೆಲ್ಲ ಕಡಿದು, ದನ ಮೇಯಿಸಿ, ಇದನ್ನು ಬೋಳು ಮಾಡಿದ್ದರು. ಮತ್ತೆ ಕಾಡು ಬೆಳೆಸಲು ಹೊರಟಾಗ ಇಲ್ಲಿ ಮೊದಲು ಯಾವ ಗಿಡ ಎಲ್ಲಿತ್ತು ಅಂತ ತಿಳಿಯಬೇಕಲ್ಲ? ಆಗ ನೆರವಾದದ್ದು ಯೂಜೀನ್ ವಾನ್ ಗೆರಾರ್ಡ್ ಅನ್ನುವ ಕಲಾವಿದ 1855ರಲ್ಲಿ ಬರೆದಿದ್ದ ಒಂದು ಚಿತ್ರ. ಎಲೆ ಎಲೆಯನ್ನೂ ಅಷ್ಟು ನಿಖರವಾಗಿ ಬರೆದಿದ್ದರಿಂದ ಅದನ್ನು ನೋಡಿ ಗಿಡ ಆರಿಸಿದರು. ಈಗ ಅಲ್ಲಿ ಎಮು ಹಕ್ಕಿಗಳು ಕಾರ್ ಪಾರ್ಕಿನಲ್ಲಿ ಓಡಾಡುತ್ತವೆ, ಮೇಲೆ ಕೊಂಬೆಯಲ್ಲಿ ಕೋಲಾ ಮಲಗಿರುತ್ತದೆ. ನನ್ನನ್ನು ಕೇಳಿದರೆ ಅಪಾಸಲ್ಸ್‌ನಲ್ಲಿ ಅರ್ಧ ಗಂಟೆ ಸಾಕು, ಇಲ್ಲಿ ಅರ್ಧ ದಿನ ಕಳೆಯಿರಿ.

ರಾಜ್ಯದ ಗಡಿ ದಾಟುವಾಗ ಒಂದು ವಿಷಯ ನೆನಪಿರಲಿ. ಸೌತ್ ಆಸ್ಟ್ರೇಲಿಯಾದೊಳಗೆ ಹಣ್ಣು, ತರಕಾರಿ ಒಯ್ಯುವಂತಿಲ್ಲ. ಹಣ್ಣಿನ ನೊಣ ಅವರ ತೋಟಗಳಿಗೆ ಬರಬಾರದು ಅಂತ ಈ ಬಿಗಿ. ಬೇಯಿಸಿದ್ದಕ್ಕೆ ತಡೆಯಿಲ್ಲ. ಹಾಗಾಗಿ ಗಡಿಗೆ ಮೊದಲಿನ ಊರು ನೆಲ್ಸನ್‌ನಲ್ಲಿ, ಗ್ಲೆನೆಲ್ಗ್ ನದಿ ಸಮುದ್ರ ಸೇರುವ ಕಡೆ, ನಮ್ಮದು ದೊಡ್ಡ ಅಡುಗೆ. ಉಳಿದ ಟೊಮೇಟೊ, ಹಸಿಮೆಣಸು ಎಲ್ಲ ಹೆಚ್ಚಿ ಒಂದೇ ಬಾಣಲೆಗೆ ಹಾಕುತ್ತೇನೆ. ಗಾಳಿಗೆ ಒಲೆಯ ಉರಿ ಒಂದು ಕಡೆ ವಾಲುತ್ತದೆ. ಇವರು ಕಾರಿನ ಬಾಗಿಲು ತೆಗೆದು, ಅದರ ಮರೆಗೆ ಕೂತು, ಎಣ್ಣೆ ಬಿಡುವವರೆಗೆ ಕೈಯಾಡಿಸುತ್ತಾರೆ. ಬೆಲ್ಲದ ಪುಡಿ, ಹುಣಸೆ ರಸ ಹಾಕಿದರೆ ಗೊಜ್ಜು ಮೂರು ಹೊತ್ತಿಗೆ ಬರುತ್ತದೆ. ಗಡಿ ದಾಟಿದ ಕೂಡಲೇ ಗಡಿಯಾರ ಅರ್ಧ ಗಂಟೆ ಹಿಂದೆ ಹೋಗುತ್ತದೆ. ಅಂದರೆ ಗಡಿಯಾರದ ಲೆಕ್ಕದಲ್ಲಿ ಕತ್ತಲೆ ಅರ್ಧ ಗಂಟೆ ಮುಂಚೆ. ಅಲ್ಲಿಂದ ಮುಂದೆ ನಾವು ಮೂರೂವರೆಗೇ ನಿಲ್ಲಿಸುತ್ತೇವೆ.

ಕೂರಾಂಗ್ ಬಗ್ಗೆ ಎಷ್ಟು ಹೇಳಿದರೂ ಸಾಲದು. ಒಂದು ಕಡೆ ಸದರ್ನ್ ಓಷನ್, ಮಧ್ಯೆ ಮರಳಿನ ದಿಬ್ಬ, ಈಚೆ 100 ಕಿಲೋಮೀಟರ್‌ಗೂ ಉದ್ದದ ಉಪ್ಪು ನೀರಿನ ಪಟ್ಟಿ. ನೀರಿನ ಮೇಲೆ ಪೆಲಿಕನ್‌ಗಳು. ಇದು ನರಿಂಜೆರಿ ಅನ್ನುವ ಮೂಲನಿವಾಸಿ ಜನರ ನೆಲ. ಕಿಂಗ್‌ಸ್ಟನ್‌ನಿಂದ ಮೆನಿಂಗಿವರೆಗೆ ಸುಮಾರು 145 ಕಿಲೋಮೀಟರ್, ನಡುವೆ ಸಾಲ್ಟ್ ಕ್ರೀಕ್ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಪೆಟ್ರೋಲ್, ನೀರು ಎರಡನ್ನೂ ತುಂಬಿಸಿಕೊಂಡೇ ಹೋಗಬೇಕು. 42 ಮೈಲ್ ಕ್ರಾಸಿಂಗ್ ಅನ್ನುವ ಕಡೆ ಟೆಂಟ್ ಹಾಕಿ, ದಿಬ್ಬ ಹತ್ತಿ ಇಳಿದರೆ ಕಡಲು. ಮರಳಿನಲ್ಲಿ ಸಾಮಾನ್ಯ ಗೂಟ ನಿಲ್ಲುವುದಿಲ್ಲ, ಉದ್ದನೆಯ ಅಗಲದ ಗೂಟ ಬೇಕು. ಆ ಕಡಲಿಗೆ ಮಾತ್ರ ನಾವು ಇಳಿಯುವುದಿಲ್ಲ. ಇಲ್ಲಿ ಸಮುದ್ರದಲ್ಲಿ ಜೀವ ತೆಗೆಯುವುದು ಶಾರ್ಕ್‌ಗಿಂತ ಜಾಸ್ತಿ ರಿಪ್, ಅಂದರೆ ದಡದಿಂದ ಒಳಕ್ಕೆ ಎಳೆಯುವ ನೀರಿನ ಸೆಳೆತ. ಕೆಂಪು ಹಳದಿ ಬಾವುಟ ನೆಟ್ಟು ಕಾವಲಿರುವ ಬೀಚಿನಲ್ಲಿ, ಎರಡು ಬಾವುಟಗಳ ನಡುವೆ ಮಾತ್ರ ಈಜಬೇಕು. ಊರಿನಿಂದ ಬಂದ ನೆಂಟರಿಗೆ ನಾನು ಹಟ ಮಾಡಿ ಹೇಳುವುದು ಇದೊಂದನ್ನೇ.

ರಾತ್ರಿ ಅಲ್ಲಿ ದೀಪ ಆರಿಸಿದರೆ ನಕ್ಷತ್ರಗಳ ಬೆಳಕು ಬಿಟ್ಟು ಬೇರೇನೂ ಇಲ್ಲ. ನಮ್ಮೂರಿನಲ್ಲಿ ಬೇಸಿಗೆಯಲ್ಲಿ ದಕ್ಷಿಣದ ಅಂಚಿನಲ್ಲಿ ಸ್ವಲ್ಪ ಹೊತ್ತು ಕಂಡು ಮುಳುಗುವ ತ್ರಿಶಂಕು ನಕ್ಷತ್ರಪುಂಜ (ಸದರ್ನ್ ಕ್ರಾಸ್) ಇಲ್ಲಿ ಮುಳುಗುವುದೇ ಇಲ್ಲ. ಅದರ ಪಕ್ಕದ ಕಪ್ಪು ಕಲೆಯನ್ನು ಈ ನೆಲದ ಮೂಲನಿವಾಸಿಗಳಲ್ಲಿ ಹಲವರು ಎಮುವಿನ ತಲೆ ಅನ್ನುತ್ತಾರೆ. ಕ್ಷೀರಪಥದ ಉದ್ದಕ್ಕೂ ಕತ್ತು, ಮೈ, ಕಾಲು. ಒಮ್ಮೆ ಕಂಡರೆ ಸಾಕು, ಮತ್ತೆ ಕಣ್ಣು ಅಲ್ಲಿಗೇ ಹೋಗುತ್ತದೆ. ರೂಮಿನಲ್ಲಿದ್ದರೆ ಇದಿಷ್ಟೂ ಸಿಗುತ್ತಿರಲಿಲ್ಲ ಅತ್ತೆ.

ವಾಪಸ್ ಬರುವುದು ಒಳನಾಡಿನ ವಿಮೆರಾ ಕಡೆಯಿಂದ. ಬ್ರಿಮ್ ಅನ್ನುವ ಸಣ್ಣ ಊರಿನ ಗೋಧಿ ಕಣಜಗಳ ಮೇಲೆ ಗೈಡೊ ವ್ಯಾನ್ ಹೆಲ್ಟನ್ ಅನ್ನುವ ಕಲಾವಿದ 2016ರಲ್ಲಿ ನಾಲ್ವರು ರೈತರ ಚಿತ್ರ ಬರೆದಿದ್ದಾರೆ. ಪಕ್ಕದ ಕ್ರೀಕ್ ದಂಡೆಯಲ್ಲಿ ಟೆಂಟ್ ಹಾಕಬಹುದು. ಸುತ್ತ ಹೊಲಗಳಲ್ಲಿ ಗೋಧಿ ಜೊತೆಗೆ ಮಸೂರ್ ಬೇಳೆ ಬೆಳೆಯುತ್ತಾರೆ, ಅದರಲ್ಲಿ ಒಳ್ಳೆಯ ಪಾಲು ಹಡಗು ಹತ್ತಿ ಭಾರತಕ್ಕೆ ಬರುತ್ತದೆ. ನಿವೃತ್ತರಾದ ಗಂಡ ಹೆಂಡತಿ ಕ್ಯಾರವಾನ್ ಎಳೆದುಕೊಂಡು ತಿಂಗಳುಗಟ್ಟಲೆ ಸುತ್ತುವುದು ಈ ದೇಶದಲ್ಲಿ ಮಾಮೂಲು. ಅವರಲ್ಲಿ ಯಾರಾದರೂ ಪಕ್ಕದಲ್ಲಿ ಇದ್ದೇ ಇರುತ್ತಾರೆ. ಮುಂದಿನ ರಸ್ತೆ ಹೇಗಿದೆ, ಎಲ್ಲಿ ಕುಡಿಯುವ ನೀರು ಸಿಗುತ್ತದೆ, ಅವರಿಗೆ ಎಲ್ಲ ಗೊತ್ತು. ಹೋಗಿ ಮಾತಾಡಿಸಿ.

ಹೆಂಗಸರು ಮೆಲ್ಲಗೆ ಕೇಳುವ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಹೆಚ್ಚಿನ ಕ್ಯಾಂಪುಗಳಲ್ಲಿ ಟಾಯ್ಲೆಟ್ ಇದೆ, ಚೊಕ್ಕಟವಾಗಿಯೂ ಇರುತ್ತದೆ. ನ್ಯಾಷನಲ್ ಪಾರ್ಕ್‌ಗಳಲ್ಲಿ ಅದು ಎಷ್ಟೋ ಕಡೆ ನೀರಿಲ್ಲದ ಗುಂಡಿ. ಒಂದು ಚೊಂಬು, ಐದು ಲೀಟರ್ ನೀರಿನ ಕ್ಯಾನ್ ಜೊತೆಗಿದ್ದರೆ ತೊಂದರೆಯಿಲ್ಲ. ಮೊದಲ ಸಲ ಹೋಗುವವರು ಬಿಸಿನೀರಿನ ಸ್ನಾನ ಇರುವ ಕ್ಯಾರವಾನ್ ಪಾರ್ಕಿನಿಂದ ಶುರು ಮಾಡಿ, ಮನೆಯಿಂದ ಎರಡು ಗಂಟೆಯ ದಾರಿಯೊಳಗೆ. ಹೊರಡುವ ಬೆಳಿಗ್ಗೆ ಗಾಳಿ ಎಷ್ಟಿದೆ, ಬೆಂಕಿ ನಿಷೇಧದ ದಿನವಾ ಅಂತ ನೋಡಿಕೊಳ್ಳಿ. ಬೆಂಕಿಯ ಅಪಾಯ ವಿಪರೀತ ಇರುವ ದಿನ ಕಾಡಿನ ಕಡೆ ಹೋಗಲೇಬೇಡಿ. ಈಸ್ಟರ್ ರಜೆಗೆ ಹೋಗುವ ಆಸೆಯಿದ್ದರೆ ಮಾತ್ರ ಜಾಗ ತಿಂಗಳುಗಳ ಮೊದಲೇ ಬುಕ್ ಮಾಡಬೇಕು, ಕಡಲ ಪಕ್ಕದ ಜಾಗಗಳು ಬೇಗ ತುಂಬಿಹೋಗುತ್ತವೆ.