ಭಿನ್ನ ತೀರ್ಪನ್ನೂ ಓದಿಸಿದ ಮೇಷ್ಟ್ರು

ನಮ್ಮ ಸಂವಿಧಾನದ ಮೇಷ್ಟ್ರು ತೀರಿಕೊಂಡ ಸುದ್ದಿ ಕ್ಯಾಲಿಫೋರ್ನಿಯಾದಲ್ಲಿರುವ ನನಗೆ ತಲುಪಿದ ಕೆಲವೇ ವಾರಗಳಲ್ಲಿ, ಸ್ಮರಣ ಸಂಚಿಕೆಗೆ ಲೇಖನ ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘದ ಪತ್ರವೂ ಬಂತು. ಬರೆಯಲು ಕುಳಿತಾಗ ಕರಾರು ಕಾಯ್ದೆಯಾಗಲಿ, ಸಾಕ್ಷ್ಯ ಕಾಯ್ದೆಯಾಗಲಿ, ನಿದ್ದೆಗೆಟ್ಟು ಉರುಹೊಡೆದ ಕಲಮುಗಳಾಗಲಿ ನೆನಪಿಗೆ ಬರಲಿಲ್ಲ. ಪಠ್ಯಕ್ರಮದ ಒಂದು ಮೂಲೆಯಲ್ಲಿದ್ದ, ಪರೀಕ್ಷೆಯಲ್ಲಿ ಹೆಚ್ಚೆಂದರೆ ಒಂದು ಟಿಪ್ಪಣಿಗೆ ಆಗುವಷ್ಟಿದ್ದ ಅಮೆರಿಕದ ಸಂವಿಧಾನ ಮಾತ್ರ ಮೇಷ್ಟ್ರ ಧ್ವನಿಯಲ್ಲೇ ಕಿವಿಗೆ ಬಿತ್ತು. ಆ ಒಂದು ಟಿಪ್ಪಣಿಯನ್ನು ಅವರು ವರ್ಷವಿಡೀ ಪಾಠ ಮಾಡಿದರು. ನನ್ನ ಬದುಕನ್ನು ತಿದ್ದಿದ್ದು ಅದೇ.

ಮೊದಲ ದಿನ ಅವರು ಕಪ್ಪು ಹಲಗೆಯ ಮೇಲೆ ಎರಡು ಪ್ರಶ್ನೆ ಬರೆದರು: 'ಈ ಅಧಿಕಾರವನ್ನು ಯಾರು ಕೊಟ್ಟರು? ಎಲ್ಲಿಯವರೆಗೆ ಕೊಟ್ಟರು?' ಯಾವ ಪ್ರಕರಣ ಎತ್ತಿಕೊಂಡರೂ ಮೊದಲು ಇವೆರಡಕ್ಕೆ ಉತ್ತರ ಹೇಳಬೇಕಿತ್ತು. ಪಾಠವನ್ನು ಅವರು ಅಮೆರಿಕದ ಸಂವಿಧಾನ ರೂಪುಗೊಂಡ 1787ರ ಫಿಲಡೆಲ್ಫಿಯಾದಿಂದ ಆರಂಭಿಸಲಿಲ್ಲ, 1761ರ ಬಾಸ್ಟನ್ನಿನಿಂದ ಆರಂಭಿಸಿದರು. ಬ್ರಿಟಿಷ್ ಸುಂಕದ ಅಧಿಕಾರಿಗಳ ಕೈಯಲ್ಲಿ ಆಗ ಒಂದು ಬಗೆಯ ಸಾರ್ವತ್ರಿಕ ಶೋಧನಾಪತ್ರ ಇರುತ್ತಿತ್ತು. ಯಾರ ಮನೆ, ಯಾವ ವಸ್ತು, ಯಾವ ಅನುಮಾನ ಎಂಬುದೊಂದನ್ನೂ ಅದರಲ್ಲಿ ನಮೂದಿಸಬೇಕಿರಲಿಲ್ಲ. ಹಗಲುಹೊತ್ತು ಯಾವ ಮನೆಯ ಬಾಗಿಲನ್ನಾದರೂ ತೆರೆಸಬಹುದಿತ್ತು. ಆ ಪತ್ರಗಳನ್ನು ಸರ್ಕಾರದ ಪರವಾಗಿ ಸಮರ್ಥಿಸಬೇಕಿದ್ದ ಜೇಮ್ಸ್ ಓಟಿಸ್ ತಮ್ಮ ಹುದ್ದೆಯನ್ನೇ ಬಿಟ್ಟು, ವ್ಯಾಪಾರಿಗಳ ಪರ ನಿಂತು, ಹೆಚ್ಚುಕಡಿಮೆ ಐದು ಗಂಟೆ ವಾದಿಸಿದರು. ಮೊಕದ್ದಮೆ ಸೋತಿತು. ಆದರೆ ಕೇಳುತ್ತ ಕುಳಿತಿದ್ದ ಜಾನ್ ಆಡಮ್ಸ್ ಎಂಬ ಎಳೆಯ ವಕೀಲ, ಸ್ವಾತಂತ್ರ್ಯದ ಕೂಸು ಹುಟ್ಟಿದ್ದೇ ಆ ಕೋಣೆಯಲ್ಲಿ ಎಂದು ಮುಪ್ಪಿನಲ್ಲಿ ಬರೆದಿಟ್ಟರು. 1791ರಲ್ಲಿ ಬಂದ ನಾಲ್ಕನೆಯ ತಿದ್ದುಪಡಿ, ಶೋಧಿಸಬೇಕಾದ ಜಾಗವನ್ನೂ ವಶಪಡಿಸಿಕೊಳ್ಳಬೇಕಾದ ವಸ್ತುವನ್ನೂ ವಾರಂಟಿನಲ್ಲಿ ನಿರ್ದಿಷ್ಟವಾಗಿ ಹೇಳಬೇಕೆಂದು ವಿಧಿಸಿತು. "ಸೋತ ವಕೀಲನ ವಾದ ಮೂವತ್ತು ವರ್ಷದ ಮೇಲೆ ಸಂವಿಧಾನವಾಯಿತು ಕಣ್ರಪ್ಪಾ" ಎಂದು ಮೇಷ್ಟ್ರು ಹೇಳುವಾಗ ತಾವೇ ಆ ಮೊಕದ್ದಮೆ ನಡೆಸಿದವರಂತೆ ಅವರ ಮುಖ ಕೆಂಪೇರುತ್ತಿತ್ತು.

ಹಾಸ್ಟೆಲಿನಲ್ಲಿ ಆಗ ವಿದ್ಯಾರ್ಥಿಗಳ ಪತ್ರಗಳನ್ನು ಒಡೆದು ಓದುವ ಪದ್ಧತಿ ಇತ್ತು. ಮನೆಯಿಂದ ಬಂದ ಇನ್‌ಲ್ಯಾಂಡ್ ಲೆಟರಿನ ಅಂಚಿನಲ್ಲಿ ಅಂಚೆ ಇಲಾಖೆಯ ಗೋಂದಿನ ಮೇಲೆ ಇನ್ನೊಂದು ಪದರ ಗೋಂದು ಕಾಣಿಸುತ್ತಿತ್ತು. ಒದ್ದೆಯಾಗಿ ಒಣಗಿದ ಕಾಗದ ಅಲ್ಲಲ್ಲಿ ಸುಕ್ಕುಗಟ್ಟಿರುತ್ತಿತ್ತು, ಅಮ್ಮ ಬರೆದ ಕೊನೆಯ ಸಾಲು ಅಂಟಿಗೆ ಸಿಕ್ಕಿ ಹರಿದುಹೋಗಿರುತ್ತಿತ್ತು. ನಮ್ಮ ಒಳ್ಳೆಯದಕ್ಕೇ ಎಂದು ವಾರ್ಡನ್ ಹೇಳುತ್ತಿದ್ದರು. ಅದೇ ದಿನಗಳಲ್ಲಿ ಮೇಷ್ಟ್ರು ಟಿಂಕರ್ ಪ್ರಕರಣವನ್ನು ಪಾಠ ಮಾಡಿದರು. 1965ರ ಡಿಸೆಂಬರಿನಲ್ಲಿ ಅಯೋವಾ ರಾಜ್ಯದ ಡೆ ಮೊಯಿನ್ ನಗರದ ಕೆಲವು ಮಕ್ಕಳು ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದರು. ಅವರಲ್ಲಿ ಮೇರಿ ಬೆತ್ ಟಿಂಕರ್‌ಗೆ ಬರೀ 13 ವರ್ಷ. ಶಾಲೆ ಅವರನ್ನು ಹೊರಗೆ ಹಾಕಿತು. 1969ರಲ್ಲಿ ಸುಪ್ರೀಂ ಕೋರ್ಟು 7-2ರ ಬಹುಮತದಿಂದ ಮಕ್ಕಳ ಪರ ತೀರ್ಪು ಕೊಟ್ಟು, ಶಾಲೆಯ ಗೇಟಿನೊಳಗೆ ಕಾಲಿಟ್ಟ ಮಾತ್ರಕ್ಕೆ ವಿದ್ಯಾರ್ಥಿಯೋ ಶಿಕ್ಷಕನೋ ವಾಕ್ ಸ್ವಾತಂತ್ರ್ಯವನ್ನು ಕಳಚಿಟ್ಟು ಬರುವುದಿಲ್ಲ ಎಂದಿತು.

ಈ ಪಾಠ ಕೇಳಿದ ಮೇಲೆ ನಾವು ಸುಮ್ಮನಿರುವುದು ಸಾಧ್ಯವಿರಲಿಲ್ಲ. ಮುರಿದ ಕೊಡೆಯೊಂದರ ಬಟ್ಟೆಯನ್ನು ಬ್ಲೇಡಿನಿಂದ ಸೀಳಿ, ಸೇಫ್ಟಿ ಪಿನ್ ಹಾಕಿ, ಹಾಸ್ಟೆಲಿನ ಹುಡುಗರೆಲ್ಲ ತೋಳಿಗೆ ಕಟ್ಟಿಕೊಂಡು ಮರುದಿನ ತರಗತಿಯಲ್ಲಿ ಕುಳಿತೆವು. ಘೋಷಣೆ ಕೂಗಬಾರದು, ಯಾವ ಪಾಠಕ್ಕೂ ಅಡ್ಡಿ ಮಾಡಬಾರದು, ಹಾಜರಿ ಕರೆದಾಗ ಎಂದಿನಂತೆ ಓಗೊಡಬೇಕು ಎಂದು ನಾನು ಮೊದಲೇ ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದೆ. ಟಿಂಕರ್ ತೀರ್ಪು ನಿಂತಿದ್ದೇ ಆ ಆಧಾರದ ಮೇಲೆ: ಪಟ್ಟಿಯಿಂದ ಶಾಲೆಯ ಕೆಲಸಕ್ಕೆ ಗಣನೀಯ ಅಡ್ಡಿಯಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪ್ರಾಂಶುಪಾಲರ ಕೋಣೆಯಿಂದ ಕರೆ ಬಂತು. ಬಾಗಿಲ ಹೊರಗೆ ನಿಂತಿದ್ದ ನಮಗೆ ಒಳಗಿನಿಂದ ಮೇಷ್ಟ್ರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. "ಈ ಹುಡುಗರು ಪಾಠ ತಪ್ಪಿಸಿದ್ದಾರೆಯೇ ಸಾರ್? ಇಲ್ಲ. ಪಾಠ ಕಲಿತಿದ್ದಾರೆ. ಪತ್ರ ಒಡೆಯುವ ಅಧಿಕಾರ ಹಾಸ್ಟೆಲಿನ ಯಾವ ನಿಯಮದಲ್ಲಿದೆ, ಅದನ್ನು ನನಗೆ ತೋರಿಸಿ."

ನಿಯಮ ಇರಲಿಲ್ಲ. ಪತ್ರ ಒಡೆಯುವುದು ಆ ವಾರವೇ ನಿಂತಿತು. ನಾವು ಗೆದ್ದ ಹುರುಪಿನಲ್ಲಿ ತರಗತಿಗೆ ಹೋದರೆ, ಮೇಷ್ಟ್ರು ಅಭಿನಂದಿಸುವ ಬದಲು ಅದೇ ಪ್ರಕರಣದಲ್ಲಿ ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ಬಹುಮತವನ್ನು ಒಪ್ಪದೆ ಬರೆದ ಭಿನ್ನ ತೀರ್ಪಿನ ಪ್ರತಿಯನ್ನು ನನ್ನ ಮುಂದಿಟ್ಟರು. ವಾಕ್ ಸ್ವಾತಂತ್ರ್ಯಕ್ಕಾಗಿ ಜೀವಮಾನವಿಡೀ ಹೋರಾಡಿದ ಬ್ಲ್ಯಾಕ್, ಮಕ್ಕಳು ಶಾಲೆಗೆ ಬರುವುದು ಕಲಿಯುವುದಕ್ಕೇ ಹೊರತು ಹಿರಿಯರಿಗೆ ಕಲಿಸುವುದಕ್ಕಲ್ಲ ಎಂದು ಕಟುವಾಗಿಯೇ ಬರೆದಿದ್ದರು. ಮುಂದಿನ ಸೋಮವಾರ ನಾನು ವಾರ್ಡನ್ ಪರವಾಗಿ, ಬ್ಲ್ಯಾಕ್ ಅವರ ತರ್ಕವನ್ನೇ ಹಿಡಿದು, ಇಡೀ ತರಗತಿಯ ಎದುರು ವಾದಿಸಬೇಕಾಯಿತು. ಎದುರು ಪಕ್ಷದ ಅತ್ಯುತ್ತಮ ವಾದ ಗೊತ್ತಿಲ್ಲದವನು ಸ್ವಾತಂತ್ರ್ಯದ ಪರ ಮಾತನಾಡಿದರೆ ಅದು ಕೂಗಾಟವೇ ಆಗುತ್ತದೆ ಎಂಬುದು ಅವರ ಖಚಿತ ನಂಬಿಕೆ. ಆ ವಾದ ಇಡೀ ತರಗತಿಯಲ್ಲೇ ಅತ್ಯುತ್ತಮವಾಗಿತ್ತೆಂದು ಅವರು ಹೇಳಿದ್ದನ್ನು ನಾನು ಇಂದಿಗೂ ಹೆಮ್ಮೆಯಿಂದ ನೆನೆಯುತ್ತೇನೆ.

ಧ್ವಜವಂದನೆಯ ಎರಡು ತೀರ್ಪುಗಳನ್ನು ಅವರು ಒಟ್ಟಿಗೇ ಓದಿಸಿದ್ದರು. ಪೆನ್ಸಿಲ್ವೇನಿಯಾದ ಮೈನರ್ಸ್‌ವಿಲ್ ಎಂಬ ಗಣಿ ಊರಿನಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಇಬ್ಬರು ಮಕ್ಕಳು, ದೇವರೊಬ್ಬನನ್ನು ಬಿಟ್ಟು ಬೇರೆ ಯಾವುದಕ್ಕೂ ವಂದಿಸುವುದಿಲ್ಲವೆಂದು ಧ್ವಜಕ್ಕೆ ಕೈ ಎತ್ತಲಿಲ್ಲ, ಶಾಲೆಯಿಂದ ಹೊರಬಿದ್ದರು. 1940ರಲ್ಲಿ ಸುಪ್ರೀಂ ಕೋರ್ಟು 8-1ರ ಬಹುಮತದಿಂದ ಶಾಲೆಯದೇ ಸರಿ ಎಂದಿತು. ತೀರ್ಪು ಹೊರಬಿದ್ದ ಮೇಲೆ ದೇಶದ ಹಲವೆಡೆ ಆ ಪಂಥದವರ ಮೇಲೆ ಗುಂಪುಗಳು ಮುಗಿಬಿದ್ದವು, ಮೇನ್ ರಾಜ್ಯದಲ್ಲಿ ಅವರ ಪ್ರಾರ್ಥನಾ ಮಂದಿರಕ್ಕೆ ಬೆಂಕಿ ಬಿತ್ತು. ಮೂರೇ ವರ್ಷದಲ್ಲಿ, 1943ರ ಜೂನ್ 14ರಂದು, ಅಂದರೆ ಅಮೆರಿಕದ ಧ್ವಜದಿನದಂದೇ, ಅದೇ ಕೋರ್ಟು ಪಶ್ಚಿಮ ವರ್ಜೀನಿಯಾದ ಬಾರ್ನೆಟ್ ಪ್ರಕರಣದಲ್ಲಿ ತನ್ನ ಮಾತನ್ನು ಹಿಂತೆಗೆದುಕೊಂಡಿತು. ರಾಜಕೀಯ, ರಾಷ್ಟ್ರೀಯತೆ, ಧರ್ಮಗಳಲ್ಲಿ ಸರಿಯಾದ ಅಭಿಪ್ರಾಯ ಯಾವುದೆಂದು ವಿಧಿಸುವ ಹಕ್ಕು ದೊಡ್ಡವನಾಗಲಿ ಚಿಕ್ಕವನಾಗಲಿ ಯಾವ ಅಧಿಕಾರಿಗೂ ಇಲ್ಲವೆಂದು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬರೆದರು. ಮಹಾಯುದ್ಧ ನಡೆಯುತ್ತಿದ್ದಾಗ, ದೇಶಭಕ್ತಿಯ ಹೆಸರಿನಲ್ಲಿ ಏನು ಕೇಳಿದರೂ ಸಿಗುತ್ತಿದ್ದ ಕಾಲದಲ್ಲಿ ಬರೆದರು ಎಂಬುದನ್ನು ಮೇಷ್ಟ್ರು ಒತ್ತಿ ಹೇಳುತ್ತಿದ್ದರು. 1986ರ ಆಗಸ್ಟಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಅದೇ ಪಂಥಕ್ಕೆ ಸೇರಿದ ಕೇರಳದ ಮೂವರು ಮಕ್ಕಳನ್ನು ಮರಳಿ ಶಾಲೆಗೆ ಸೇರಿಸಿಕೊಳ್ಳಲು ಆದೇಶಿಸಿತು. ಅವರು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಆ ತೀರ್ಪಿನಲ್ಲಿ ಬಾರ್ನೆಟ್ ಪ್ರಕರಣವನ್ನು ಉಲ್ಲೇಖಿಸಿದ್ದರು. ಮೇಷ್ಟ್ರು ಅಂದು ಪತ್ರಿಕೆಯನ್ನು ಹಿಡಿದುಕೊಂಡೇ ತರಗತಿಗೆ ಬಂದು, ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ಮಿಕ್ಕ ಸಮಯ ಏನೂ ಪಾಠ ಮಾಡದೆ ಹೊರಟುಹೋದರು.

ಅವರು ಅಮೆರಿಕವನ್ನು ಹೊಗಳಲು ಈ ಪಾಠ ಮಾಡುತ್ತಿರಲಿಲ್ಲ. ಹಾಗಾಗಿದ್ದರೆ ಕೊರೆಮಾಟ್ಸು ಪ್ರಕರಣದ ಮೇಲೆ ಅಷ್ಟು ದಿನ ನಿಲ್ಲುತ್ತಿರಲಿಲ್ಲ. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಮಾಡಿದ 9066ನೆಯ ಆದೇಶದ ಬಲದಿಂದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಮಾರು ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಮೂರನೇ ಎರಡು ಪಾಲು ಅಮೆರಿಕದ ಪ್ರಜೆಗಳೇ. ಹೋಗಲು ಒಪ್ಪದ ಫ್ರೆಡ್ ಕೊರೆಮಾಟ್ಸು ಅವರಿಗೆ ಶಿಕ್ಷೆಯಾಯಿತು, 1944ರಲ್ಲಿ ಸುಪ್ರೀಂ ಕೋರ್ಟು 6-3ರಿಂದ ಅದನ್ನು ಎತ್ತಿಹಿಡಿಯಿತು. ಇಂಥ ತೀರ್ಪು ಗುಂಡು ತುಂಬಿದ ಬಂದೂಕಿನಂತೆ ಮುಂದಿನ ಅಧಿಕಾರಸ್ಥನ ಕೈಗೆ ಸಿಗಲು ಕಾದಿರುತ್ತದೆ ಎಂದು ಎಚ್ಚರಿಸಿದವರೂ ಅದೇ ಜಾಕ್ಸನ್, ಈ ಬಾರಿ ಅಲ್ಪಮತದಲ್ಲಿ ನಿಂತು. "ಅವರ 1944, ನಮ್ಮ 1976" ಎನ್ನುತ್ತಿದ್ದರು ಮೇಷ್ಟ್ರು. ತುರ್ತು ಪರಿಸ್ಥಿತಿಯಲ್ಲಿ ಬಂಧಿತನಿಗೆ ಕೋರ್ಟಿನ ಬಾಗಿಲೂ ಮುಚ್ಚಿದೆ ಎಂದ ತೀರ್ಪನ್ನು, ಅದರಲ್ಲಿ ಒಬ್ಬರೇ ಭಿನ್ನವಾಗಿ ನಿಂತ ನ್ಯಾಯಮೂರ್ತಿ ಖನ್ನಾ ಅವರನ್ನು ನೆನೆದರೆ ಅವರ ಧ್ವನಿ ಗದ್ಗದವಾಗುತ್ತಿತ್ತು.

ಅಮೆರಿಕಕ್ಕೆ ಬಂದ ಮೇಲೆ ನಾನು, ಜಪಾನಿ ಮೂಲದವರನ್ನು ಕೂಡಿಹಾಕಿದ್ದ ಮಾಂಝನಾರ್ ಶಿಬಿರವಿದ್ದ ಜಾಗಕ್ಕೆ ಹೋಗಿಬಂದೆ. ಸಿಯೆರಾ ನೆವಾಡ ಪರ್ವತಗಳ ಬುಡದ ಆ ಬಯಲಿನಲ್ಲಿ ಒಂದು ಕಾಲಕ್ಕೆ 10,000ಕ್ಕೂ ಹೆಚ್ಚು ಜನರಿದ್ದರು. ಮರುನಿರ್ಮಿಸಿಟ್ಟ ಮರದ ಬ್ಯಾರಕ್ಕುಗಳಲ್ಲಿ 20 ಅಡಿ ಅಗಲ, 25 ಅಡಿ ಉದ್ದದ ಕೋಣೆಗೆ ಎಂಟು ಜನರಂತೆ ತುಂಬಿದ್ದರೆಂಬ ವಿವರ ಓದುತ್ತಿದ್ದಾಗ, ಶೌಚಾಲಯಗಳಲ್ಲಿ ಅಡ್ಡಗೋಡೆಯೂ ಇರಲಿಲ್ಲವೆಂದು ತಿಳಿದಾಗ, ನನಗೆ ಸರ್ಕಾರ ಎಂಬ ಸಂಸ್ಥೆಯ ಬಗ್ಗೆ ಮೇಷ್ಟ್ರಿಗಿದ್ದ ಎಚ್ಚರ ಅರ್ಥವಾಯಿತು. ಕೊರೆಮಾಟ್ಸು ಅವರ ಶಿಕ್ಷೆ ರದ್ದಾದದ್ದು 1983ರಲ್ಲಿ. ಬದುಕುಳಿದವರಿಗೆ ತಲಾ 20,000 ಡಾಲರ್ ಪರಿಹಾರ ಮತ್ತು ಕ್ಷಮಾಪಣೆ ಮಂಜೂರಾದದ್ದು 1988ರಲ್ಲಿ. ಅಷ್ಟರಲ್ಲಿ ಹಿರಿಯರು ಅದೆಷ್ಟೋ ಜನ ಇಲ್ಲವಾಗಿದ್ದರು.

ನನ್ನ ವಕಾಲತ್ತಿನ ಬಹುಪಾಲು ಪೊಲೀಸರು ಜಪ್ತಿ ಮಾಡಿದ ಹಣ, ವಾಹನಗಳನ್ನು ಮಾಲೀಕರಿಗೆ ಕೊಡಿಸುವುದರಲ್ಲಿ ಕಳೆದಿದೆ. ಅಮೆರಿಕದ ಈ ಜಪ್ತಿ ಕಾನೂನಿನಲ್ಲಿ ಆರೋಪಿಯ ಜಾಗದಲ್ಲಿ ಮನುಷ್ಯನೇ ಇರುವುದಿಲ್ಲ. ಮೊಕದ್ದಮೆ ಹೂಡುವುದು ವಸ್ತುವಿನ ಮೇಲೆ. 2006ರ ಒಂದು ಪ್ರಕರಣದ ಹೆಸರೇ 'ಅಮೆರಿಕ ಸಂಯುಕ್ತ ಸಂಸ್ಥಾನ ವಿರುದ್ಧ 1,24,700 ಡಾಲರ್'. ಮಾದಕವಸ್ತು ವ್ಯಾಪಾರದ ಹಣವೆಂಬ ಅನುಮಾನದಿಂದ ಪೊಲೀಸರು ಅದನ್ನು ಹಿಡಿದಿದ್ದರು. ಕಾರಿನಲ್ಲಿ ಮಾದಕವಸ್ತು ಸಿಗದಿದ್ದರೂ ಆ ಹಣ ಸರ್ಕಾರದ ಪಾಲಾಯಿತು. ಮಾಲೀಕನಿಗೆ ಶಿಕ್ಷೆಯಾಗದೆಯೂ ಅವನ ಆಸ್ತಿ ಹೋಗಬಹುದು, ಹೋದದ್ದರಲ್ಲಿ ಒಂದು ಪಾಲು ಹಿಡಿದ ಇಲಾಖೆಗೇ ಸೇರಬಹುದು. 2019ರ ಟಿಂಬ್ಸ್ ತೀರ್ಪು ಬಂದಾಗ ನಾನು ಮೇಷ್ಟ್ರಿಗೆ ತಕ್ಷಣ ಫೋನ್ ಮಾಡಿದ್ದೆ. ಗರಿಷ್ಠ ದಂಡ 10,000 ಡಾಲರ್ ಇದ್ದ ಅಪರಾಧಕ್ಕೆ ಇಂಡಿಯಾನಾ ರಾಜ್ಯ ಒಬ್ಬನ 42,000 ಡಾಲರಿನ ಕಾರನ್ನೇ ಕಿತ್ತುಕೊಂಡಿತ್ತು. ಅತಿಯಾದ ದಂಡದ ಮೇಲೆ ಸಂವಿಧಾನ ಹೇರಿದ ನಿಷೇಧ ರಾಜ್ಯಗಳಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು. ಈ ಕ್ಷೇತ್ರದಲ್ಲಿ ಎಳೆಯ ವಕೀಲರು ಇಂದು ನನ್ನ ಬಳಿ ಸಲಹೆ ಕೇಳಲು ಬರುತ್ತಾರೆ. ಅವರಿಗೂ ನಾನು ಹಲಗೆಯ ಮೇಲಿನ ಆ ಎರಡು ಪ್ರಶ್ನೆಗಳನ್ನೇ ಮೊದಲು ಕೇಳುತ್ತೇನೆ.

ಇಂದಿನ ಶಿಕ್ಷಣದ ಬಗ್ಗೆ ಒಂದು ನೋವನ್ನು ಹೇಳಿಕೊಳ್ಳದಿರಲಾರೆ. ಹೋದ ಸಲ ಊರಿಗೆ ಬಂದಾಗ ಮಾತಿಗೆ ಸಿಕ್ಕ ಕಾನೂನು ವಿದ್ಯಾರ್ಥಿಗಳು ಗೈಡಿನಲ್ಲಿ ಕೊಟ್ಟ ನಾಲ್ಕು ಸಾಲಿನ ಸಾರಾಂಶವನ್ನು ಬಿಟ್ಟು ಮೂಲ ತೀರ್ಪನ್ನು ಓದಿರಲಿಲ್ಲ. ಭಿನ್ನ ತೀರ್ಪೂ ಇರುತ್ತದೆಂಬುದು ಕೆಲವರಿಗೆ ಹೊಸ ವಿಷಯವಾಗಿತ್ತು. ತರಗತಿಯಲ್ಲಿ ಕ್ಯಾಮೆರಾ, ಹಾಜರಿಗೆ ಬೆರಳಚ್ಚು, ಪೋಷಕರ ಮೊಬೈಲಿಗೆ ಕ್ಷಣಕ್ಷಣದ ವರದಿ. ಅಮೆರಿಕದ ಶಾಲೆಗಳೇನೂ ಇದಕ್ಕೆ ಹೊರತಲ್ಲ. ಅರಿಜೋನಾದ ಶಾಲೆಯೊಂದು ಮಾಮೂಲಿ ನೋವಿನ ಮಾತ್ರೆಯ ಅನುಮಾನಕ್ಕೆ 13 ವರ್ಷದ ಹುಡುಗಿಯ ಬಟ್ಟೆ ಬಿಚ್ಚಿಸಿ ಶೋಧಿಸಿತು. ಅದು ಸಂವಿಧಾನಬಾಹಿರವೆಂದು 2009ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಸದಾ ಕಣ್ಗಾವಲಿನಲ್ಲಿ ಬೆಳೆದ ಮಗುವಿಗೆ ಮುಂದೆ ಸರ್ಕಾರದ ಕಣ್ಗಾವಲು ವಿಶೇಷವೆನಿಸುವುದಿಲ್ಲ. ನನ್ನನ್ನು ಕಾಡುವ ಭಯ ಇದು.

2018ರ ಜೂನ್ ತಿಂಗಳ ಒಂದೇ ವಾರದಲ್ಲಿ ಅಮೆರಿಕದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಎರಡು ತೀರ್ಪು ಬರೆದರು. 22ರಂದು ಬಂದ ಕಾರ್ಪೆಂಟರ್ ಪ್ರಕರಣದಲ್ಲಿ, ವಾರಂಟ್ ಇಲ್ಲದೆ ಒಬ್ಬನ ಮೊಬೈಲಿನ 127 ದಿನಗಳ ಚಲನವಲನವನ್ನು, 12,898 ಸ್ಥಳಬಿಂದುಗಳನ್ನು, ಕಂಪನಿಯಿಂದ ಪಡೆದದ್ದು ನಾಲ್ಕನೆಯ ತಿದ್ದುಪಡಿಯ ಉಲ್ಲಂಘನೆ ಎಂದು 5-4ರಿಂದ ತೀರ್ಮಾನವಾಯಿತು. 26ರಂದು ಬಂದ ಇನ್ನೊಂದರಲ್ಲಿ ಕೊರೆಮಾಟ್ಸು ತೀರ್ಪು ಬಂದ ದಿನದಿಂದಲೇ ಘೋರ ತಪ್ಪಾಗಿತ್ತೆಂದು ಬರೆದ ಅದೇ ರಾಬರ್ಟ್ಸ್, ಮುಖ್ಯವಾಗಿ ಮುಸ್ಲಿಂ ಬಾಹುಳ್ಯದ ಕೆಲವು ದೇಶಗಳವರ ಪ್ರವೇಶವನ್ನು ತಡೆದ ಅಧ್ಯಕ್ಷರ ಆದೇಶವನ್ನು ಎತ್ತಿಹಿಡಿದರು. ಆ ರಾತ್ರಿ ಮೇಷ್ಟ್ರು ತಾವೇ ಫೋನ್ ಮಾಡಿದರು. ಕಣ್ಣು ಮಂಜಾಗಿದ್ದುದರಿಂದ ಮೊಮ್ಮಗಳ ಕೈಯಲ್ಲಿ ಓದಿಸಿಕೊಳ್ಳುತ್ತಿದ್ದರು. ನಾನು ಕೊರೆಮಾಟ್ಸು ಕೊನೆಗೂ ಹೋಯಿತೆಂದು ಸಂಭ್ರಮದಿಂದ ಹೇಳತೊಡಗಿದೆ. "ಸೊಟೊಮೇಯರ್ ಅವರ ಭಿನ್ನ ತೀರ್ಪು ಓದಿದೆಯಾ?" ಎಂದರು. ಅದರಲ್ಲಿ ನ್ಯಾಯಮೂರ್ತಿ ಸೊಟೊಮೇಯರ್, ಬಹುಮತ ಒಂದು ಘೋರ ತಪ್ಪಿನ ಜಾಗದಲ್ಲಿ ಇನ್ನೊಂದನ್ನು ಕೂರಿಸಿದೆ, ಅದೇ ತರ್ಕವನ್ನು ಮತ್ತೆ ಬಳಸಿದೆ ಎಂದು ಬರೆದಿದ್ದರು. ಕಾರ್ಪೆಂಟರ್ ಪ್ರಕರಣದಲ್ಲಿ ನ್ಯಾಯಮೂರ್ತಿ ಗಾರ್ಸಚ್ ಬರೆದ ಭಿನ್ನಾಭಿಪ್ರಾಯವನ್ನೂ ಮೊಮ್ಮಗಳು ಓದಿ ಹೇಳಿದ್ದಳಂತೆ. ಮೊಬೈಲಿನ ದಾಖಲೆ ಪ್ರಜೆಯ ಸ್ವಂತ ಕಾಗದಪತ್ರವಿದ್ದಂತೆ ಎಂಬ ವಾದಕ್ಕೆ ಅದರಲ್ಲಿ ದಾರಿಯಿತ್ತು. ಬಹುಮತಕ್ಕಿಂತ ಅದೇ ಗಟ್ಟಿ ಎಂದು ಅವರು ಒಂದು ಗಂಟೆ ನನ್ನೊಂದಿಗೆ ವಾದಿಸಿದರು.

ಅವರ ಹೆಸರಿನಲ್ಲಿ ಕಾಲೇಜಿನ ಅಣಕು ನ್ಯಾಯಾಲಯ ಸ್ಪರ್ಧೆಗೆ ಒಂದು ದತ್ತಿನಿಧಿ ಇಡಲು ನಾನು ಒಪ್ಪಿದ್ದೇನೆ. ಷರತ್ತು ಒಂದೇ: ಪ್ರತಿ ಸ್ಪರ್ಧಿಯೂ ಒಂದೇ ಪ್ರಕರಣವನ್ನು ಬೆಳಿಗ್ಗೆ ಸರ್ಕಾರದ ಪರ, ಮಧ್ಯಾಹ್ನ ಪ್ರಜೆಯ ಪರ ವಾದಿಸಬೇಕು. ಮೊದಲ ವರ್ಷದ ಪ್ರಕರಣ ಬಾರ್ನೆಟ್ ಎಂದು ಪ್ರಾಂಶುಪಾಲರಿಗೆ ಬರೆದು ತಿಳಿಸಿದ್ದೇನೆ; ಮೂಲ ತೀರ್ಪಿನ ಪೂರ್ಣ ಪ್ರತಿಗಳನ್ನು, ಮೂವರು ನ್ಯಾಯಮೂರ್ತಿಗಳು ಒಪ್ಪದೇ ಉಳಿದದ್ದೂ ಸೇರಿದಂತೆ, ಗ್ರಂಥಾಲಯಕ್ಕೆ ಕಳುಹಿಸಿದ್ದೇನೆ.